ಶೇಖರಣಾ ಚಾಲಕ ಕಂಡುಬಂದಿಲ್ಲ

ತಪ್ಪನ್ನು ಕಂಡಲ್ಲಿ ಸುಮ್ಮನಿರಬಾರದು ಎಂದು ನನ್ನ ಯೌವನದ ಅಧ್ಯಯನ ಶಿಬಿರಗಳು ನನಗೆ ಚೆನ್ನಾಗಿಯೇ ಕಲಿಸಿದವು. ಆದರೆ ತಪ್ಪು ಮಾಡಿದವನು ನಾನೇ ಆಗಿರುವಾಗ ಯಾವ ಘೋಷಣೆಯನ್ನು ಯಾರ ಮನೆಯ ಮುಂದೆ ನಿಂತು ಕೂಗಬೇಕು ಎಂಬುದನ್ನು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಪಠ್ಯಕ್ರಮದ ಈ ಕೊರತೆಯನ್ನು ನಾನು ಇಷ್ಟು ವರ್ಷ ಗಮನಿಸಿರಲಿಲ್ಲ. ಅಂಥ ಸಂದರ್ಭ ನನಗೆ ಬರುವುದಿಲ್ಲವೆಂಬ ಭರವಸೆಯೇ ಅದಕ್ಕೆ ಕಾರಣವಿರಬೇಕು. ಕಳೆದ ಬೇಸಗೆಯ ಒಂದು ಭಾನುವಾರ, ಬೆಳುವಾಯಿಯ ನಮ್ಮ ಮನೆಯ ಚಾವಡಿಯಲ್ಲಿ, ಅದು ಬಂದಿತು.

ನಾನು ನಿವೃತ್ತ ಕನ್ನಡ ಅಧ್ಯಾಪಕ. ಮೂಡುಬಿದಿರೆ ಪೇಟೆಯ ಹಲವು ನಾಮಫಲಕಗಳ ಒತ್ತಕ್ಷರಗಳು ಈಗಿರುವ ಸ್ಥಿತಿಯಲ್ಲಿ ಇರುವುದಕ್ಕೆ ನಾನೇ ಹೊಣೆ. ಮದುವೆಯ ಊಟದ ಚಪ್ಪರದಲ್ಲಿ ವರದಕ್ಷಿಣೆಯ ವಿಷಯ ಎತ್ತುತ್ತೇನೆ, ಬಸ್ಸಿನಲ್ಲಿ ಮಹಿಳೆಯರ ಆಸನದಲ್ಲಿ ಕುಳಿತ ಗಂಡಸರನ್ನು ಎಬ್ಬಿಸುತ್ತೇನೆ. “ನಿಮ್ಮೊಟ್ಟಿಗೆ ಮದುವೆಗೆ ಹೋದರೆ ಪಾಯಸ ಬರುವ ಮೊದಲೇ ಹೊರಡಬೇಕಾಗ್ತದೆ” ಎಂಬುದು ನನ್ನ ಹೆಂಡತಿ ವಸಂತಿಯ ಬಹುಕಾಲದ ದೂರು. ಭಾಷೆಯ ವಿಷಯದಲ್ಲಂತೂ ನನಗೆ ಎರಡು ವ್ರತಗಳಿವೆ. ಮೊದಲನೆಯದು, ದುಡಿಯುವ ಜನರನ್ನು ಹಗುರವಾಗಿ ಕರೆಯದಿರುವುದು. ಇತರರು “ಏ ರಿಕ್ಷಾ” ಎಂದು ಚಪ್ಪಾಳೆ ತಟ್ಟುವಾಗ ನಾನು “ಚಾಲಕರೇ” ಎಂದು ಕರೆಯುತ್ತೇನೆ. ಸ್ಟ್ಯಾಂಡಿನಲ್ಲಿ ನಮಗೆ ಗುರುತಿನವರಾದ ಶೇಖರಣ್ಣ ನಮ್ಮ ಮನೆಯ ಮಾತಿನಲ್ಲಿ ಸದಾ ‘ಶೇಖರಣ್ಣ ಚಾಲಕ’. ಇದರಿಂದ ಅವರಿಗೇನೂ ಸಂತೋಷವಿಲ್ಲ. “ಡ್ರೈವರ್ ಅಂದರೆ ಸಾಕು ಮಾಷ್ಟ್ರೇ. ಚಾಲಕ ಅನ್ನುವುದು ಪೊಲೀಸಿನವರು ಫೈನ್ ಬರೆಯುವಾಗ” ಎಂದು ಅವರು ಒಮ್ಮೆ ವಿನಂತಿಸಿಯೂ ಇದ್ದರು. ಎರಡನೆಯ ವ್ರತ, ಹಿಂದೆ ಅರಸರಿಗಷ್ಟೇ ಸಲ್ಲುತ್ತಿದ್ದ ಮರ್ಯಾದೆಯ ಮಾತನ್ನು ಜನಸಾಮಾನ್ಯರಿಗೂ ಸಲ್ಲಿಸುವುದು. ಅನ್ನ ಬಡಿಸಿದ ಮೇಲೆ ಅತಿಥಿಗಳಿಗೆ “ಮುಂದುವರಿಯೋಣವಾಗಲಿ” ಎನ್ನುತ್ತೇನೆ. ಕಿರಿದಾದ ಸೇತುವೆಯ ಮೇಲೆ ಎದುರಾದ ಬೈಕಿನವನಿಗೂ ಹಾಗೆಯೇ. ಬೈಕಿನವನು ಗಾಬರಿಯಾಗಿ ನಿಂತುಬಿಡುತ್ತಾನೆ, ಅದು ಬೇರೆ ವಿಚಾರ.

ಈಗ ಜಯಂತಿಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಸುತ್ತಿದ್ದು ಬಹುಶಃ ಅಲ್ಲಿಗೆ ಬರಲು ನಾಚಿಕೆಯಾಗಿಯೇ. ಜಯಂತಿ ನಮ್ಮ ಓಣಿಯ ಕೊನೆಯ ಮನೆಯವಳು. ಬಹಳ ಕಾಲ ಬೀಡಿ ಕಟ್ಟಿದವಳು, ಎರಡು ದನ ಸಾಕಿದವಳು. ಊರಿನ ಹಾಲಿನ ಸೊಸೈಟಿಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡಲು ಒಬ್ಬರು ಬೇಕಾಗಿದ್ದರು. ಸೋಮವಾರ ಪರೀಕ್ಷೆ; ಕನ್ನಡದಲ್ಲಿ ಒಂದು ಪ್ರಕಟಣೆಯನ್ನು ಟೈಪು ಮಾಡಿ ತೋರಿಸಬೇಕು. ನೆರಳಿನಲ್ಲಿ ಕುಳಿತು ಮಾಡುವ, ತಿಂಗಳಿಗೊಮ್ಮೆ ಸಂಬಳ ಬರುವ ಕೆಲಸವೊಂದು ಅವಳ ಜೀವಮಾನದಲ್ಲಿ ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ದಿನವೂ ಮಧ್ಯಾಹ್ನ ನಮ್ಮ ಮನೆಗೆ ಬಂದು ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. “ಟಪ್ ಟಪ್ ಕುಟ್ಟಿದರೆ ದನ ಜಾಸ್ತಿ ಹಾಲು ಕೊಡ್ತದಾ?” ಎಂದು ಅವಳ ಅತ್ತೆ ಕೇಳಿದ್ದರಂತೆ. ಅತ್ತೆಯ ಈ ಧೋರಣೆಯನ್ನು ನಾನು ಅಲ್ಲಿಯೇ ಹೆಸರಿಟ್ಟು ಖಂಡಿಸಿದ್ದೆ. ಮಹಿಳೆಯರ ಬದುಕಿನ ತೀರ್ಮಾನಗಳನ್ನು ಅವರನ್ನು ಕೇಳದೆ ಬೇರೆಯವರು ತೆಗೆದುಕೊಳ್ಳಬಾರದು ಎಂದು ಜಯಂತಿಗೆ ವಿವರವಾಗಿ ತಿಳಿಸಿದ್ದೆ. ಈ ವಾಕ್ಯವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನನಗಂತೂ ಅದು ಮರೆಯುವಂತಿಲ್ಲ.

ನಮ್ಮ ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ, ಅದರೊಳಗಿನ ಕಾರ್ಯಾಚರಣಾ ವ್ಯವಸ್ಥೆ ಅಸಲಿ ಪ್ರತಿಯಲ್ಲ ಎಂಬ ಒಂದು ಮಸುಕು ಸಾಲು ವರ್ಷಗಳಿಂದ ಇತ್ತು. ಅದು ಇಂಗ್ಲಿಷಿನಲ್ಲಿದ್ದುದರಿಂದ ತಾತ್ವಿಕ ಕಾರಣಗಳಿಗಾಗಿ ನಾನು ಓದಿರಲಿಲ್ಲ. ಆ ಶನಿವಾರ ಓದಿದೆ. ಕದ್ದ ಮಾಲು ನನ್ನ ಮನೆಯಲ್ಲಿ! ಒಂದೆಡೆ ಏಕಸ್ವಾಮ್ಯದ ಶೋಷಣೆ, ಇನ್ನೊಂದೆಡೆ ಕಳ್ಳತನ. ಎರಡಕ್ಕೂ ಒಂದೇ ಪರಿಹಾರವಾಗಿ, ಎಲ್ಲರಿಗೂ ಮುಕ್ತವಾಗಿ ದೊರೆಯುವ, ಕನ್ನಡದಲ್ಲಿಯೇ ಮಾತನಾಡುವ ವ್ಯವಸ್ಥೆಯನ್ನು ಹಾಕುವುದೆಂದು ನಿಶ್ಚಯಿಸಿದೆ. ಮೂಡುಬಿದಿರೆಗೆ ಹೋಗಿ ಹೊಸ ಹಾರ್ಡ್ ಡಿಸ್ಕ್ ತಂದು, ಪೆಟ್ಟಿಗೆ ಬಿಚ್ಚಿ, ನಾನೇ ಕೂರಿಸಿದೆ. ಹಳೆಯದನ್ನು ಏನು ಮಾಡುವುದು? ಹಳೆಯ ಡಿಸ್ಕುಗಳಿಂದ ಜನರ ಖಾಸಗಿ ಮಾಹಿತಿ ಸೋರುತ್ತದೆಂದು ನಾನೇ ಉಪನ್ಯಾಸ ಮಾಡಿದವನು. ಅಂಗಳದ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು, ವಸಂತಿಯನ್ನು ಸಾಕ್ಷಿಗೆ ಕರೆದು, ಎರಡು ಮಾತು ಆಡಿ, ಸುತ್ತಿಗೆಯಿಂದ ಪುಡಿ ಮಾಡಿದೆ. “ಹೊಸತು ನಡೆಯುತ್ತದಾ ನೋಡಿ ಆಮೇಲೆ ಒಡೆಯಬಹುದಿತ್ತು” ಎಂದಳು ವಸಂತಿ. ಹಿಂದಿರುಗುವ ದಾರಿಯನ್ನು ಉಳಿಸಿಕೊಂಡ ಹೋರಾಟಗಳು ಗೆದ್ದ ಉದಾಹರಣೆಯಿಲ್ಲವೆಂದು ನಾನು ಉತ್ತರಿಸಿದೆ.

ಭಾನುವಾರ ಜಯಂತಿ ಬೇಗ ಬಂದಳು. ಕೊನೆಯ ದಿನದ ಅಭ್ಯಾಸವೆಂದು ಮನೆಯಲ್ಲಿ ಹೇಳಿ, ದನಗಳ ಕೆಲಸವನ್ನು ನಾದಿನಿಗೆ ಒಪ್ಪಿಸಿ ಬಂದಿದ್ದಳು. ನಾನು ಅವಳೆದುರೇ ಹೊಸ ವ್ಯವಸ್ಥೆಯನ್ನು ತುಂಬಿಸಿಟ್ಟಿದ್ದ ಪೆನ್ ಡ್ರೈವ್ ಸಿಕ್ಕಿಸಿ, ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಆರಿಸಿ, “ನೋಡು, ಇನ್ನು ಇದು ನಿನ್ನ ಭಾಷೆಯಲ್ಲೇ ಮಾತನಾಡುತ್ತದೆ” ಎಂದೆ. ಅದು ಮಾತನಾಡಿತು:

“ಯಾವುದೇ ಶೇಖರಣಾ ಚಾಲಕ ಕಂಡುಬಂದಿಲ್ಲ. ತಮ್ಮ ಚಾಲಕಕ್ಕೆ ಅಗತ್ಯವಾದ ಚಾಲಕವು ತಮಗೆ ತಿಳಿದಿದ್ದಲ್ಲಿ, ಸದರಿ ಚಾಲಕವನ್ನು ಆರಿಸಿ ಮುಂದುವರಿಯೋಣವಾಗಲಿ.”

ಜಯಂತಿ ಅದನ್ನು ನಿಧಾನವಾಗಿ ಓದಿದಳು. “ಎಂತ ಹೇಳ್ತದೆ ಮಾಷ್ಟ್ರೇ ಇದು?” ಎಂದಳು. ನಾನೂ ಓದಿದೆ. ಚಾಲಕವೆಂದರೆ ಯಂತ್ರದ ಭಾಗಗಳನ್ನು ನಡೆಸುವ ಚಿಕ್ಕ ತಂತ್ರಾಂಶ, ಅಷ್ಟು ನನಗೆ ಗೊತ್ತು. ಆದ್ದರಿಂದ ಅಂಥ ತಂತ್ರಾಂಶಕ್ಕಾಗಿ ಹುಡುಕಾಟ ಆರಂಭಿಸಿದೆ. ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಪೆನ್ ಡ್ರೈವಿಗೆ ತುಂಬಿಸಿದೆ. ಮುದ್ರಣಯಂತ್ರದ ಚಾಲಕ, ಧ್ವನಿಯ ಚಾಲಕ, ನಮ್ಮಲ್ಲಿ ಇಲ್ಲದ ಕ್ಯಾಮೆರಾದ ಚಾಲಕ. ಪ್ರತಿ ಸಲವೂ ಅದೇ ಸಾಲು. ಪ್ರತಿ ಸಲವೂ ಅದನ್ನು ಗಟ್ಟಿಯಾಗಿ ಓದುವುದು ನನ್ನ ತರಗತಿಯ ಅಭ್ಯಾಸ. ಹೊಸ ಡಿಸ್ಕ್ ಮಾರಿದವನನ್ನು, ಯಂತ್ರ ತಯಾರಿಸಿದವರ ಒಳಸಂಚನ್ನು, ಕೊನೆಗೆ ಆ ಸಂದೇಶದ ಅನುವಾದಕನನ್ನು ಸಾಲಾಗಿ ಖಂಡಿಸಿದೆ. “ಜನರ ಬಾಯಿಯ ಕನ್ನಡವನ್ನು ಒಮ್ಮೆಯೂ ಕೇಳದ ಯಾರೋ ಪಂಡಿತ, ತಂಪು ಕೋಣೆಯಲ್ಲಿ ಕುಳಿತು ಬರೆದದ್ದು ಇದು. ಜಯಂತಿಯಂಥವರು ಒಳಗೆ ಬಾರದಂತೆ ಭಾಷೆಯಿಂದಲೇ ಬಾಗಿಲು ಹಾಕುವ ಹುನ್ನಾರ!” ಎಂದೆ. ಆ ಸಂದೇಶದ ಕೊನೆಯ ಪದವೊಂದು ಮಾತ್ರ ಏಕೋ ನೆಂಟರ ಮುಖದಂತೆ ಕಂಡು ಸ್ವಲ್ಪ ಸಮಾಧಾನ ನೀಡುತ್ತಿತ್ತು.

ಜಯಂತಿ ಕೈ ಮಡಚಿ ಕುಳಿತಿದ್ದಳು. “ಹಳೆಯ ಡಿಸ್ಕನ್ನೇ ಇವತ್ತಿಗೆ ಹಾಕುವ ಮಾಷ್ಟ್ರೇ. ಪರೀಕ್ಷೆ ಮುಗಿದ ಮೇಲೆ ಬೇಕಾದರೆ ತೆಗೆಯುವ” ಎಂದಳು. ನಾನು ಕಿಟಕಿಯತ್ತ ನೋಡಿದೆ. ಒಗೆಯುವ ಕಲ್ಲಿನ ಮೇಲೆ ಚೂರುಗಳು ಇನ್ನೂ ಮಿನುಗುತ್ತಿದ್ದವು. ಅವಳೂ ನೋಡಿದಳು.

“ಒಡೆದದ್ದಾ?”

“ಅದು ಕದ್ದ ಮಾಲು, ಜಯಂತಿ.”

ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. ಆಮೇಲೆ, “ಒಡೆಯುವ ಮೊದಲು ನನ್ನತ್ರ ಒಂದು ಮಾತು ಕೇಳಬಹುದಿತ್ತು” ಎಂದಳು. ಧ್ವನಿ ಏರಿಸಲಿಲ್ಲ. ಅವಳ ಅತ್ತೆಯಾದರೂ ಬಾಯಿಮಾತಿನಲ್ಲಿ ತಡೆದವರು. ನಾನು ಸುತ್ತಿಗೆ ತೆಗೆದುಕೊಂಡವನು.

ಅಷ್ಟರಲ್ಲಿ ಅಂಗಳದಲ್ಲಿ ರಿಕ್ಷಾ ನಿಂತ ಸದ್ದಾಯಿತು. ಶೇಖರಣ್ಣ ಬಂದು, ಟವೆಲಿನಲ್ಲಿ ಮುಖ ಒರೆಸುತ್ತ ಬಾಗಿಲಲ್ಲಿ ನಿಂತರು. “ಎಂತ ಮಾಷ್ಟ್ರೇ, ನಾನು ಕಂಡುಬಂದಿಲ್ಲ ಅಂತ ಬೊಬ್ಬೆ ಹಾಕ್ತಾ ಇದ್ದೀರಂತೆ? ಬೆಳಗ್ಗಿನಿಂದ ಸ್ಟ್ಯಾಂಡಿನಲ್ಲೇ ಇದ್ದೇನಲ್ಲ ಮಾರಾಯ್ರೆ!”

ವಸಂತಿ ಅಡುಗೆಮನೆಯಿಂದ ಹೊರಗೆ ಬಂದಳು. “ನೀವೇ ಅಲ್ವಾ ಆಗಿನಿಂದ ‘ಶೇಖರಣ್ಣ ಚಾಲಕ ಕಂಡುಬಂದಿಲ್ಲ, ಶೇಖರಣ್ಣ ಚಾಲಕ ಕಂಡುಬಂದಿಲ್ಲ’ ಅಂತ ಹೇಳ್ತಾ ಇದ್ದದ್ದು? ಕಂಪ್ಯೂಟರನ್ನು ಮೂಡುಬಿದಿರೆಗೆ ರಿಪೇರಿಗೆ ಕೊಂಡುಹೋಗಲಿಕ್ಕೆ ಉಂಟೇನೋ ಅಂತ ನಾನು ಫೋನ್ ಮಾಡಿದೆ.”

‘ಶೇಖರಣಾ’ ಎಂದರೆ ಸಂಗ್ರಹಿಸಿಡುವುದಕ್ಕೆ ಸಂಬಂಧಿಸಿದ್ದು, ಅದು ಶೇಖರಣ್ಣ ಅಲ್ಲ ಎಂದು ನಾನು ವಿವರಿಸಿದೆ. ಶೇಖರಣ್ಣ ಪರದೆಯ ಹತ್ತಿರ ಬಗ್ಗಿ ಎರಡನೆಯ ವಾಕ್ಯವನ್ನು ಓದಿಕೊಂಡರು. “ಚಾಲಕನಿಗೆ ಬೇಕಾದ ಚಾಲಕ... ಹಾಂ, ಇದು ಬದಲಿ ಡ್ರೈವರ್ ಕೇಳುವುದು. ನಮಗೆ ಜ್ವರ ಬಂದರೆ ನಾವೂ ಕೇಳ್ತೇವೆ. ಭಾನುವಾರ ಸಿಗುವುದು ಕಷ್ಟ ಉಂಟು” ಎಂದರು. ಜಯಂತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳು. ನಕ್ಕು ಸುಧಾರಿಸಿಕೊಂಡು, “ಮಾಷ್ಟ್ರೇ, ಇದನ್ನೇ ಇಂಗ್ಲಿಷಿನಲ್ಲಿ ಎಂತ ಬರೆದಿದ್ದಾರೆ ಅಂತ ಒಮ್ಮೆ ನೋಡುವ” ಎಂದಳು.

ನನ್ನ ಮನೆಯಲ್ಲಿ, ನನ್ನ ಕೈಯಿಂದ, ಕನ್ನಡವನ್ನು ಬಿಟ್ಟು ಇಂಗ್ಲಿಷನ್ನು ಆರಿಸುವುದು! ಆದರೆ ಆ ದಿನ ತತ್ತ್ವದ ಮಾತಾಡುವ ಅರ್ಹತೆ ಒಗೆಯುವ ಕಲ್ಲಿನ ಮೇಲೆ ಚೂರಾಗಿ ಬಿದ್ದಿತ್ತು. ಆರಿಸಿದೆ. ಅಲ್ಲಿ ಎರಡು ಬೇರೆ ಬೇರೆ ಪದಗಳಿದ್ದವು. ಮೊದಲ ವಾಕ್ಯದಲ್ಲಿದ್ದದ್ದು ‘ಡ್ರೈವ್’, ಅಂದರೆ ಡಿಸ್ಕ್. ಎರಡನೆಯದರಲ್ಲಿ ಆರಿಸಲು ಹೇಳಿದ್ದು ‘ಡ್ರೈವರ್’, ಅಂದರೆ ಅದನ್ನು ನಡೆಸುವ ತಂತ್ರಾಂಶ. ಡಿಸ್ಕೇ ತನಗೆ ಕಾಣುತ್ತಿಲ್ಲವೆಂದು ಆ ಬಡಪಾಯಿ ಮೊದಲಿನಿಂದಲೂ ಹೇಳುತ್ತಿತ್ತು. ಅನುವಾದಕ ಮಹಾಶಯ ಎರಡಕ್ಕೂ ‘ಚಾಲಕ’ ಎಂಬ ಒಂದೇ ಅಂಗಿ ತೊಡಿಸಿದ್ದ. ಡಿಸ್ಕ್ ಕಾಣದಿದ್ದರೆ ಮೊದಲು ನೋಡಬೇಕಾದದ್ದು ಯಂತ್ರದ ಮೂಲ ಸೆಟ್ಟಿಂಗನ್ನು. ಯಂತ್ರ ಎಚ್ಚರಗೊಳ್ಳುವಾಗಲೇ ಗುಂಡಿ ಒತ್ತಿ ಅದರೊಳಗೆ ಹೋದೆ. ಹೊಸ ಡಿಸ್ಕಿನ ಹೆಸರು ಅಲ್ಲಿ ಸ್ಪಷ್ಟವಾಗಿ ಇತ್ತು. “ಉಂಟಲ್ಲ!” ಎಂದಳು ಜಯಂತಿ. ಉಂಟು, ಆದರೆ ಹಲವು ಡಿಸ್ಕುಗಳನ್ನು ಒಟ್ಟುಗೂಡಿಸುವ ‘ರೇಡ್’ ಎಂಬ ಏರ್ಪಾಡಿನ ಮರೆಯಲ್ಲಿ ಉಂಟು. ಆದ್ದರಿಂದಲೇ ಹೊಸ ವ್ಯವಸ್ಥೆಗೆ ಕಾಣುತ್ತಿರಲಿಲ್ಲ. ಅದನ್ನು ಬದಲಿಸಿ ‘ಎ.ಎಚ್.ಸಿ.ಐ.’ ಎಂಬ ಸಾದಾ ಏರ್ಪಾಡಿಗೆ ತಂದು ಮತ್ತೆ ಆರಂಭಿಸಿದಾಗ ಡಿಸ್ಕ್ ಯಾವ ತಕರಾರೂ ಇಲ್ಲದೆ ಕಾಣಿಸಿಕೊಂಡಿತು.

ವಸಂತಿ ಎಲ್ಲರಿಗೂ ಚಾ ತಂದಳು. ವ್ಯವಸ್ಥೆ ಅನುಸ್ಥಾಪನೆಯಾಗುತ್ತಿರುವಾಗ ನಾನು ಕಳೆದುಹೋದ ಉತ್ಸಾಹವನ್ನು ಕೊಂಚ ಮರಳಿ ಪಡೆದು, ಆ ಅನುವಾದಕನ ಜನವಿರೋಧಿ ಕನ್ನಡದ ಮೇಲೆ ಖಂಡನೆಯನ್ನು ಪುನರಾರಂಭಿಸಿದೆ. ವಸಂತಿ ಲೋಟ ಕೊಡುತ್ತ, “ಅದು ನೀವೇ ಬರೆದದ್ದಲ್ವಾ?” ಎಂದಳು.

“ನಾನೇ?”

“ಮತ್ತೆ? ‘ಮುಂದುವರಿಯೋಣವಾಗಲಿ’ ಅಂತ ಈ ಭೂಮಿಯ ಮೇಲೆ ಬೇರೆ ಯಾರು ಹೇಳ್ತಾರೆ? ಮಂಗಳೂರಿನಲ್ಲಿ ಕಂಪ್ಯೂಟರಿಗೆ ಕನ್ನಡ ಕಲಿಸುವ ಶಿಬಿರ ಅಂತ ಹೋಗಿದ್ದಿರಲ್ಲ?”

ಹೋಗಿದ್ದೆ. ಲೋಟ ಕೈಯಲ್ಲಿ ಹಾಗೆಯೇ ಉಳಿಯಿತು. ಅನುವಾದಿಸಬೇಕಾದ ವಾಕ್ಯಗಳನ್ನು ನಮಗೆ ಹಂಚಿದ್ದರು. ಒಬ್ಬ ಹುಡುಗಿ “ಡಿಸ್ಕ್ ಅಂತಲೇ ಇಡುವ ಸರ್, ಎಲ್ಲರಿಗೂ ಗೊತ್ತಾಗ್ತದೆ” ಎಂದಿದ್ದಳು. ಭಾಷಿಕ ದಾಸ್ಯದ ಬಗ್ಗೆ ನಾನು ಅವಳಿಗೆ ಊಟದ ಗಂಟೆಯವರೆಗೂ ಮಾತನಾಡಿದ್ದೆ. ಅಲ್ಲಿ ತಂಪು ಕೋಣೆಯೂ ಇತ್ತು. ವಸಂತಿ ಚಾವಡಿಯ ಎಲ್ಲರ ಪರವಾಗಿ ಕೇಳಿದಳು: “ಈಗ ಅವನನ್ನು ಖಂಡಿಸುವ ಸಭೆ ಯಾವಾಗ?”

ನಾನು ಜಯಂತಿಯ ಕ್ಷಮೆ ಕೇಳಿದೆ. ಒಳ್ಳೆಯ ವಾಕ್ಯವೊಂದನ್ನು ಕಟ್ಟಲು ಹೊರಟು, ಅದು ಉದ್ದವಾಗುವುದನ್ನು ಕಂಡು, “ನಿನ್ನನ್ನು ಕೇಳಬೇಕಿತ್ತು” ಎಂದಷ್ಟೇ ಹೇಳಿ ನಿಲ್ಲಿಸಿದೆ. “ಆಯಿತು ಮಾಷ್ಟ್ರೇ, ಈಗ ಸ್ವಲ್ಪ ಜಾಗ ಬಿಡಿ, ನಾನು ಕೂರ್ತೇನೆ” ಎಂದು ಅವಳು ಟೈಪು ಮಾಡಲು ಕುಳಿತಳು. ಕತ್ತಲಾಗುವವರೆಗೂ ಟಪ್ ಟಪ್ ಸದ್ದು ಕೇಳುತ್ತಿತ್ತು. ನಾನು ಅಂಗಳಕ್ಕಿಳಿದು ಕಲ್ಲಿನ ಮೇಲಿನ ಚೂರುಗಳನ್ನು ಗುಡಿಸಿದೆ.

ಜಯಂತಿ ಪರೀಕ್ಷೆಯಲ್ಲಿ ಗೆದ್ದಳು, ಈಗ ಸೊಸೈಟಿಯಲ್ಲಿದ್ದಾಳೆ. ಸುದ್ದಿ ತಿಳಿಸಲು ಬಂದ ದಿನ ನನಗೂ ಗೌರವದ ಪಾಲು ಸಿಗಬಹುದೆಂಬ ಆಸೆಯಿಂದ, ಅಲ್ಲಿನ ಕಂಪ್ಯೂಟರ್ ಕಷ್ಟವಾಗಲಿಲ್ಲವೇ ಎಂದು ಕೇಳಿದೆ. “ಇಲ್ಲ ಮಾಷ್ಟ್ರೇ. ಪ್ರಕಟಣೆ ಕನ್ನಡದಲ್ಲಿ ಟೈಪು ಮಾಡ್ಲಿಕ್ಕೆ ಇತ್ತು. ಬಾಕಿ ಕಂಪ್ಯೂಟರ್ ಹೇಳುವುದೆಲ್ಲ ಇಂಗ್ಲಿಷಿನಲ್ಲಿ. ಹಾಗಾಗಿ ಅರ್ಥ ಆಯ್ತು” ಎಂದಳು. ಆ ರಾತ್ರಿಯೇ ‘ಡಿಸ್ಕ್ ಕಾಣುತ್ತಿಲ್ಲ’ ಎಂದು ಮಂಗಳೂರಿನ ಶಿಬಿರದವರಿಗೆ ತಿದ್ದುಪಡಿ ಕಳುಹಿಸಿದೆ. ಮೂಲ ಅನುವಾದಕರ ಒಪ್ಪಿಗೆ ಪಡೆಯಬೇಕು ಎಂದು ಅವರು ಉತ್ತರಿಸಿದ್ದಾರೆ. ಆ ಮನುಷ್ಯ ಸುಲಭಕ್ಕೆ ಒಪ್ಪುವವನಲ್ಲ, ನಾನು ಪ್ರಯತ್ನಿಸುತ್ತಿದ್ದೇನೆ.

ಕಳೆದ ವಾರ ಶೇಖರಣ್ಣ ರಿಕ್ಷಾವನ್ನು ನಮ್ಮ ಅಂಗಳಕ್ಕೆ ತಂದು ಹಿಂಬದಿ ತಿರುಗಿಸಿ ನಿಲ್ಲಿಸಿದರು. ಹಳದಿ ಅಕ್ಷರಗಳಲ್ಲಿ ಹೊಸದಾಗಿ ಬರೆಸಿದ್ದರು: “ಶೇಖರಣ್ಣ ಚಾಲಕ ಕಂಡುಬಂದಿದ್ದಾನೆ. ಮುಂದುವರಿಯೋಣವಾಗಲಿ.” “ಒತ್ತಕ್ಷರ ಎಲ್ಲ ಸರಿ ಉಂಟಾ ಮಾಷ್ಟ್ರೇ?” ಎಂದರು. ಎರಡೆರಡು ಸಲ ನೋಡಿದೆ. ತಿದ್ದುವುದಕ್ಕೆ ಏನೂ ಇರಲಿಲ್ಲ. ಈಗ ಪೇಟೆಗೆ ಹೋಗಬೇಕಾದಾಗ ನಾನು ಆ ರಿಕ್ಷಾವನ್ನೇ ಕರೆಯುತ್ತೇನೆ. ಹಿಂದಿನಿಂದ ಬರುವ ಬಸ್ಸಿನವರು ಓದಿ ನಗುವುದು ಕೇಳಿಸುತ್ತದೆ. ಆದರೆ ಒಳಗೆ ಕುಳಿತವನಿಗೆ ಆ ಬರಹ ಕಾಣುವುದಿಲ್ಲ.