ಶಿಫ್ಟ್ ಪರ್ವ

ಇನ್ನು ಮೇಲೆ ಮನೆಯ ಯಾವ ಕೆಲಸಕ್ಕೂ ಹೆಂಡತಿಯನ್ನು ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ! ನಾನು ಈ ಭೀಷಣ ಪ್ರತಿಜ್ಞೆ ಮಾಡಿದ್ದು ಒಂದು ಗುರುವಾರ ಬೆಳಿಗ್ಗೆ, ಉಪ್ಪಿನ ಡಬ್ಬಿಯ ಸಲುವಾಗಿ.

“ಹನ್ನೊಂದು ವರ್ಷದಿಂದ ಅದೇ ಶೆಲ್ಫಲ್ಲಿದೆ, ಹನ್ನೊಂದು ವರ್ಷದಿಂದ ಕೇಳ್ತಾನೇ ಇದ್ದೀರಿ. ಸ್ವಂತ ಬುದ್ಧಿ ಸ್ವಲ್ಪ ಓಡಿಸಿ ರೀ!” ಎಂದು ಆಸ್ಪತ್ರೆಗೆ ಹೊರಟುಹೋದಳು. ಅವಳು ನರ್ಸ್. ನಾನು ಪ್ರೆಸ್ಸಿನಲ್ಲಿ ಟೈಪ್ ಮಾಡುವವನು. ಅಂದು ನನಗೆ ರಜೆ. ಬುದ್ಧಿ ಓಡಿಸಲು ಹೇಳಿ ಮಾಡಿಸಿದಂಥ ದಿನ!

ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಅವಳ ಫೋನು. ಹಿಂದೆ ಯಾವುದೋ ಮಗು ಕಿರುಚುತ್ತಿತ್ತು.

“ರೀ, ಇವತ್ತಿಂದಲೇ ಶಿಫ್ಟ್ ಅಂತೆ! ನಾನು ಬರೋದು ಏಳು ಗಂಟೆ ಆಗುತ್ತೆ. ಅತ್ತೆಗೂ ಹೇಳ್ಬಿಡಿ. ಎಲ್ಲಾ ನೀವೇ ನೋಡ್ಕೊಳ್ಳಿ!”

ಫೋನ್ ಕಟ್. ನನಗೆ ರೋಮಾಂಚನ! ಹಿಂದಿನ ವಾರವಷ್ಟೇ ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಮನೆ ನೋಡಿ ಬಂದಿದ್ದೆವು. ಬಣ್ಣ ಬಳಿಸಿ ತಿಳಿಸುತ್ತೇನೆ ಎಂದಿದ್ದ ಅದರ ಯಜಮಾನ. ತಿಳಿಸಿದ್ದಾನೆ!

“ಅಮ್ಮಾ, ಏಳು! ಮನೆ ಶಿಫ್ಟ್!”

“ಇವತ್ತೇ? ಅವಳನ್ನ ಇನ್ನೊಂದ್ಸಲ ಕೇಳೋ.”

“ಕೇಳೋ ಮಾತೇ ಇಲ್ಲ!”

ಆಮೇಲೆ ನಡೆದದ್ದು ಯುದ್ಧ. ಹಾಸಿಗೆ ಸುತ್ತಿದೆ, ಪಾತ್ರೆ ಕಟ್ಟಿದೆ, ಒಲೆಯ ಮೇಲಿದ್ದ ಅನ್ನದ ಕುಕ್ಕರನ್ನು ಅನ್ನದ ಸಮೇತ ಪ್ಯಾಕ್ ಮಾಡಿದೆ. ಅಮ್ಮನ ಕನ್ನಡಕ ಯಾವ ಗಂಟಿಗೆ ಸೇರಿತೋ! ಅವಳು ಪ್ರತಿ ಗಂಟನ್ನೂ ಮೂಗಿಗೆ ಹಿಡಿದು ನೋಡುತ್ತ, “ಇದರಲ್ಲೂ ಇಲ್ಲ” ಎನ್ನುತ್ತಿದ್ದಳು.

ಕೆಳಗಡೆ ಇರುವವರು ನಮ್ಮ ಮನೆಯ ಮಾಲೀಕರು, ನಿವೃತ್ತ ಮೇಷ್ಟ್ರು. ಬೀಗದ ಕೈ ಕೊಡಲು ಹೋದೆ.

“ಮೇಷ್ಟ್ರೇ, ಶಿಫ್ಟ್!”

“ಯಾವ ಶಿಫ್ಟಪ್ಪಾ? ನಮ್ಮ ಶಾಲೇಲಿ ಎರಡಿತ್ತು. ಬೆಳಿಗ್ಗೆದು, ಮಧ್ಯಾಹ್ನದ್ದು.”

ನಾನು ನಕ್ಕೆ. ಪಾಪ, ವಯಸ್ಸಾಗಿದೆ! ಆದರೂ ಒಂದು ಕ್ಷಣ ಕುತೂಹಲ ಹುಟ್ಟಿತು. ಹೌದಲ್ಲ, ಇದೆಂಥ ಪದ! ನನ್ನ ಕೀಬೋರ್ಡಿನಲ್ಲೂ ಒಂದು ಶಿಫ್ಟ್ ಇದೆ. ಅದು ಇದ್ದಲ್ಲೇ ಇರುತ್ತದೆ, ಅದನ್ನು ಒತ್ತಿದರೆ ಅಕ್ಷರ ಮಾತ್ರ ಬೇರೆಯಾಗುತ್ತದೆ. ಶಾಲೆಯ ಶಿಫ್ಟಿನಲ್ಲಿ ಕಟ್ಟಡ ಕದಲುವುದಿಲ್ಲ, ಮಕ್ಕಳು ಬದಲಾಗುತ್ತಾರೆ. ಮನೆ ಶಿಫ್ಟ್ ಎನ್ನುತ್ತೇವೆ, ಆದರೆ ಮನೆಯನ್ನು ಬಿಟ್ಟು ಉಳಿದದ್ದೆಲ್ಲ ಹೋಗುತ್ತದೆ! ಇನ್ನೂ ಒಂದು ಹೆಜ್ಜೆ ಯೋಚಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಲಗೇಜ್ ಆಟೋ ಹಾರ್ನ್ ಹೊಡೆಯಿತು.

“ಒಳ್ಳೇದಾಯ್ತು. ಮಗಳು ಮನೆ ಹುಡುಕ್ತಿದ್ದಾಳೆ. ನಿಮ್ಮನ್ನ ಬಿಡಿ ಅನ್ನೋಕೆ ಸಂಕೋಚ ಆಗ್ತಿತ್ತು,” ಎಂದರು ಮೇಷ್ಟ್ರು, ಬೀಗದ ಕೈ ತೆಗೆದುಕೊಳ್ಳುತ್ತ.

ಹೊಸ ಮನೆಯ ಬಾಗಿಲಲ್ಲಿ ಏಣಿ. ಏಣಿಯ ಮೇಲೆ ಪೇಂಟರ್.

“ಯಾರು ಸಾರ್ ನೀವು?”

“ಈ ಮನೆಗೆ ಬರೋರು!”

“ಬರೋರು ಡಾಕ್ಟರಂತೆ. ಸೋಮವಾರಾನೇ ಮಾತಾಗಿದೆ. ನೀವು ಡಾಕ್ಟರಾ?”

ಆಟೋದವನು ಆಗಲೇ ಸಾಮಾನೆಲ್ಲ ರಸ್ತೆ ಬದಿಗೆ ಇಳಿಸಿ ಹೋಗಿದ್ದ. ಯಜಮಾನನಿಗೆ ಫೋನ್ ಮಾಡಿದರೆ ಅವನೂ ಪೇಂಟರ್ ಹೇಳಿದ್ದನ್ನೇ ಹೇಳಿದ. ಬೀರುವಿಗೂ ಮಂಚಕ್ಕೂ ನಡುವೆ ಕುರ್ಚಿ ಹಾಕಿಕೊಂಡು ಅಮ್ಮ ಕುಳಿತಿದ್ದಳು. ಹೋಗಿಬರುವವರು ಸಾಮಾನು ಮಾರಾಟಕ್ಕಿದೆಯೇ ಎಂದು ವಿಚಾರಿಸತೊಡಗಿದರು. ಒಬ್ಬರು ಅಮ್ಮ ಕುಳಿತ ಕುರ್ಚಿಯನ್ನೇ ಕೇಳಿದರು! ಹೆಂಡತಿಯನ್ನು ಕೇಳೋಣವೆಂದರೆ ಪ್ರತಿಜ್ಞೆ ಅಡ್ಡ; ನನಗೆ ಅಳು ಬರುವುದೊಂದು ಬಾಕಿ.

ಏಳು ಗಂಟೆಗೆ ಹೆಂಡತಿಯ ಫೋನು.

“ರೀ, ಎಲ್ಲಿದ್ದೀರಿ? ಅತ್ತೆ ಎಲ್ಲಿ? ಮನೇಲಿ ಒಂದು ಚಮಚಾನೂ ಬಿಟ್ಟಿಲ್ಲ, ಕಳ್ಳರು ಬಂದಿದ್ರು! ಒಬ್ಬಳು ಇನ್ನೂ ಒಳಗೇ ಇದ್ದಾಳೆ, ಆ ಕಡೆ ತಿರುಗಿ ಕಿಟಕಿ ಅಳೀತಿದ್ದಾಳೆ!”

“ಅವಳು ಮೇಷ್ಟ್ರ ಮಗಳು ಕಣೇ. ಕಳ್ಳ... ನಾನೇ. ನೀನೇ ತಾನೇ ಶಿಫ್ಟ್ ಅಂದಿದ್ದು?”

ಆ ಕಡೆ ಬ್ಯಾಗು ನೆಲಕ್ಕೆ ಬಿದ್ದ ಸದ್ದು.

“ಶಿಫ್ಟ್ ಆಗಿದ್ದು ನನ್ನ ಡ್ಯೂಟಿ! ಬೆಳಿಗ್ಗೆದು ತೆಗೆದು ಸಂಜೆದು ಹಾಕಿದ್ರು ರೀ! ಎಲ್ಲಾ ನೋಡ್ಕೊಳ್ಳಿ ಅಂದ್ರೆ ಅಡುಗೆ ಮಾಡೋದು ಬಿಟ್ಟು ಅಡುಗೆಮನೇನೇ ಎತ್ಕೊಂಡು ಹೋದ್ರಾ?”

ಅದೇ ಆಟೋದವನನ್ನು ಮತ್ತೆ ಕರೆಸಿದೆ. ಅವನು ನಗು ತಡೆಯಲಾರದೆ ಎರಡು ಸಲ ಗಾಡಿ ಆಫ್ ಮಾಡಿದ. ಹಳೆ ಮನೆಯ ಮುಂದೆ ಮೇಷ್ಟ್ರು, ಅವರ ಮಗಳು, ನನ್ನ ಹೆಂಡತಿ ಸಾಲಾಗಿ ನಿಂತಿದ್ದರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಮೇಷ್ಟ್ರ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕು, “ಬರೀ ಅಳತೆ ತಗೊಂಡಿದ್ದು ಅಕ್ಕಾ. ನೀವೇ ಇರಿ, ನಾನು ಬೇರೆ ಮನೆ ನೋಡ್ಕೋತೀನಿ,” ಎಂದಳು. ನನಗೆ ಹೋದ ಜೀವ ಬಂತು.

ಮೇಷ್ಟ್ರು ಬೀಗದ ಕೈಯನ್ನು ನನಗೆ ಕೊಡಲಿಲ್ಲ, ನನ್ನ ಹೆಂಡತಿಯ ಕೈಗೆ ಹಾಕಿದರು.

“ಹಾಗಾದ್ರೆ ಇನ್ನು ಶಿಫ್ಟ್ ಇಲ್ಲ ತಾನೇ, ತಾಯಿ?”

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇದೆ ಮೇಷ್ಟ್ರೇ. ಬೆಳಿಗ್ಗೆ ಶಿಫ್ಟು ಪಾತ್ರೆ, ಸಂಜೆ ಶಿಫ್ಟು ಅಡುಗೆ. ಎರಡೂ ಇವರದೇ!”