ಬಸ್ ಹುಡುಕಲು ಹೋಬಳಿ ಆಯ್ಕೆ ಮಾಡಿ

ಮೂವತ್ತು ವರ್ಷ ಗ್ರಾಮಲೆಕ್ಕಿಗನಾಗಿದ್ದವನಿಗೆ ವೆಬ್‌ಸೈಟ್ ಯಾವ ಮಹಾ ಕೆಲಸ ಎಂದುಕೊಂಡೇ ನಾನು ಅದಕ್ಕೆ ಕೈ ಹಾಕಿದ್ದು. ಕೊಳ್ಳೇಗಾಲದಿಂದ ಹನೂರು, ಯಳಂದೂರು ಕಡೆ ಹೊರಡುವ ಬಸ್ಸುಗಳ ವೇಳೆ ಫೋನಿನಲ್ಲೇ ಸಿಗಬೇಕು, ಅಷ್ಟೇ.

ಮೆನು ಪೂರ್ತಿ ನನ್ನ ಸ್ವಂತ ಬುದ್ಧಿ. ಜಿಲ್ಲೆ ಒತ್ತಿದರೆ ತಾಲ್ಲೂಕು, ಅದನ್ನು ಒತ್ತಿದರೆ ಹೋಬಳಿ, ಆಮೇಲೆ ಗ್ರಾಮಲೆಕ್ಕಿಗರ ವೃತ್ತ, ಆಮೇಲೆ ಗ್ರಾಮ, ಕೊನೆಗೆ ಬಸ್ಸು. ಪಹಣಿ ಹುಡುಕುವ ಕ್ರಮ. ಇದಕ್ಕಿಂತ ಸಲೀಸಾದ ದಾರಿಯನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ. ಹೆಂಡತಿ ಭಾಗ್ಯ, "ಬಸ್ ಅತ್ತಕ್ಕೆ ಹೋಬಳಿ ಯಾಕ್ರೀ?" ಅಂದಳು. ಕಂದಾಯ ಇಲಾಖೆಯ ಅನುಭವವಿಲ್ಲದವಳು ಎಂದು ಕ್ಷಮಿಸಿದೆ.

ಅವಳ ತಮ್ಮ, ಸತ್ತೇಗಾಲದ ಶಿವಣ್ಣನಿಗೆ ನಲವತ್ತರ ಹತ್ತಿರ. ಆರು ಸಂಬಂಧ ತಪ್ಪಿ, ಏಳನೆಯದು ಗೋಪಿನಾಥಂನಲ್ಲಿ ಕುದುರುವಂತಿತ್ತು. ಹೆಣ್ಣು ನೋಡಲು ಮೂವರೂ ಹೊರಟೆವು. ಆ ಊರಿಗೆ ಬೆಳಿಗ್ಗೆ ಇರುವುದೇ ಒಂದು ಬಸ್ಸು. ನಮ್ಮ ಮನೆತನದ ಘನತೆ ತಿಳಿಯಲೆಂದು ನನ್ನ ಸೈಟನ್ನು ಹಿಂದಿನ ದಿನವೇ ಹೆಣ್ಣಿನ ಮನೆಗೂ ಕಳಿಸಿದ್ದೆ.

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಯಾರನ್ನೂ ಏನೂ ಕೇಳಕೂಡದೆಂದು ಇಬ್ಬರಿಗೂ ಆಜ್ಞೆ ಮಾಡಿ, ಫೋನನ್ನು ಶಿವಣ್ಣನ ಕೈಗೆ ಕೊಟ್ಟೆ. ಅವನು ಹನೂರು ತಾಲ್ಲೂಕು ಒತ್ತಿ ಹೋಬಳಿ ಹೋಬಳಿ ತಡಕಿದ.

"ಬಾವ, ಇದ್ರಾಗೆ ಗೋಪಿನಾಥಂ ಊರೇ ಇಲ್ವಲ್ಲ."

ಕಸಿದುಕೊಂಡು ನಾನೂ ತಡಕಿದೆ. ಇರಲಿಲ್ಲ. ಹಿಂದಕ್ಕೆ ಹೋಗುವ ಬಟನ್ ಇಡಲು ಮರೆತಿದ್ದರಿಂದ ಪ್ರತಿ ಸಲವೂ ಜಿಲ್ಲೆಯಿಂದಲೇ ಶುರು. ಆಮೇಲೆ ಹೊಳೆಯಿತು. ನಾನು ಕೆಲಸ ಮಾಡುವಾಗ ಹನೂರು ಇನ್ನೂ ಬೇರೆ ತಾಲ್ಲೂಕಾಗಿರಲಿಲ್ಲ. ಅಭ್ಯಾಸಬಲದಿಂದ ಗೋಪಿನಾಥಂ ಊರನ್ನು ಕೊಳ್ಳೇಗಾಲ ತಾಲ್ಲೂಕಿನಲ್ಲೇ ಇಟ್ಟುಬಿಟ್ಟಿದ್ದೆ! ಅಲ್ಲಿ ಹೋಗಿ ಒತ್ತಿದೆ. ಬಸ್ಸು ಹತ್ತೂವರೆಗೆ ಎಂದು ಬಂತು. ಆಗ ಹತ್ತು ನಲವತ್ತು. ಹತ್ತು ನಿಮಿಷದ ಹಿಂದೆ ನಮ್ಮ ಮುಂದಿನಿಂದಲೇ ಒಂದು ಬಸ್ಸು ಹೋಗಿತ್ತು. ಸೈಟು ತೋರಿಸಿದ ವೇಳೆ ಮಾತ್ರ ನಿಖರವಾಗಿತ್ತು.

ಭಾಗ್ಯ ಹೂವು ಮಾರುವವಳನ್ನು ಒಂದು ಮಾತು ಕೇಳಿದಳು. ರಾಮಾಪುರದ ಬಸ್ಸು ಅರ್ಧ ನಿಮಿಷದಲ್ಲಿ ಸಿಕ್ಕಿತು. ಅಲ್ಲಿಂದ ಗೂಡ್ಸ್ ಆಟೋ. ದಾರಿಯುದ್ದಕ್ಕೂ ಏಳನೆಯದೂ ನನ್ನಿಂದಲೇ ತಪ್ಪಿತೇನೋ ಎಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಮೂರು ಗಂಟೆ ತಡವಾಗಿ ತಲುಪಿದೆವು. ಮನೆಯವರ ಮುಖ ಗಂಟಾಗಿತ್ತು. ಹುಡುಗಿ ಕಾಫಿ ಕೊಟ್ಟು, ಶಿವಣ್ಣನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಆ ಬಸ್ಸಿನ ಸೈಟು ಮಾಡಿದ್ದು ನೀವಾ?"

"ಇಲ್ಲ ಕಣ್ರಿ. ನಮ್ ಬಾವ."

ಹುಡುಗಿ ನನ್ನನ್ನು ಒಮ್ಮೆ ಪೂರ್ತಿ ನೋಡಿದಳು. ನಂತರ ಅಪ್ಪನ ಕಡೆ ತಿರುಗಿ, "ಅಂಗಾದ್ರೆ ನಂಗೆ ಒಪ್ಗೆ" ಅಂದಳು.