ಮುಚ್ಚಿದ ಪಾತ್ರೆಯಲ್ಲಿ ಅಜ್ಜನ ಭಾಷಣ

ಲೆವಾನ್ ಗ್ಯಾದರ್ಸ್ ಮಾಡಿದ ತಪ್ಪು ಒಂದೇ. ಮಧ್ಯಾಹ್ನ ಅಟ್ಲಾಂಟಾದ ಕಾಲೇಜಿನಿಂದ ಒಬ್ಬ ಹೆಂಗಸು ಅಜ್ಜನ ಕಾಗದಪತ್ರ ನೋಡಲು ಬರುತ್ತಾಳೆಂದು ಬೇಲಿಯಾಚೆಯ ಮನೆಯ, ಚರ್ಚಿನವರೆಲ್ಲ ಸಿಸ್ಟರ್ ಎಂದು ಕರೆಯುವ ವರ್ನೆಲ್ ಮುಂದೆ ಬಾಯಿಬಿಟ್ಟ.

ಅಜ್ಜ ಪ್ರೈಮಸ್ ಗ್ಯಾದರ್ಸ್ ಎಂದರೆ ಸಾಮಾನ್ಯನೇ? ಪತ್ರಿಕೆ ನಡೆಸಿದವನು, ಚುನಾವಣೆಗೆ ನಿಂತವನು. ಅವನ ಭಾಷಣವೆಂದರೆ ಸುತ್ತಲಿನ ಕಪ್ಪು ಜನವೆಲ್ಲ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಮೊಮ್ಮಗ ಶಾಲೆಯ ಬಸ್ಸು ಓಡಿಸುತ್ತಾನೆ. ಕಾಗದ ಕೊಟ್ಟವರ ಹೆಸರನ್ನು ಕಾಲೇಜಿನ ಗ್ರಂಥಾಲಯದ ಫಲಕದಲ್ಲಿ ಕೆತ್ತಿಸುತ್ತಾರಂತೆ. ಅಜ್ಜನ ಹೆಸರಿನ ಕೆಳಗೆ ತನ್ನದೂ ಒಂದು ಇರಲಿ ಎಂಬುದಷ್ಟೇ ಪಾಪ ಲೆವಾನನ ಆಸೆ.

“ಬರೋಳು ನಮ್ಮವಳೇ ಇರಬಹುದು. ಕಳಿಸಿದೋರು ಯಾರವರು ಮಗಾ?” ಎಂದಳು ವರ್ನೆಲ್. “ನಮ್ಮಮ್ಮ ಹೊಲಿದ ಕೌದೀನ ಬಿಳಿಯರು ಹೀಗೇ ಬಂದು, ನೋಡಿ ಕೊಡ್ತೀವಿ ಅಂತ ತಗೊಂಡು ಹೋದರು. ಇವತ್ತಿಗೂ ನೋಡ್ತಾನೇ ಇದಾರೆ.”

ಎದುರುಮನೆಯ ಟಗಲ್ ಚರ್ಚಿನ ಉಸ್ತುವಾರಿ ನೋಡುವ ಡೀಕನ್, ಕಾಣಿಕೆ ತಟ್ಟೆಯನ್ನೂ ತಿರುಗಿಸಿ ನೋಡುವ ಆಸಾಮಿ. ಗುರುತಿಲ್ಲದ ಹಸಿರು ಕಾರೊಂದು ಬೆಳಿಗ್ಗೆಯೇ ಬೀದಿ ಸುತ್ತಿತೆಂದು ಅವನು ಹೇಳಿದ ಮೇಲೆ ಲೆವಾನ್ ಓಡಿಹೋಗಿ ಮನೆಯ ಕಿಟಕಿಗಳ ಪರದೆ ಎಳೆದ. ಕಾಲೇಜಿನವಳು ಬರುವ ಮೊದಲೇ ಅಜ್ಜನ ಕಾಗದದ ಪೆಟ್ಟಿಗೆ ಖಾಲಿ ಮಾಡುವುದೆಂದು ಮೂವರೂ ತೀರ್ಮಾನಿಸಿದರು. ಆದರೆ ಆ ಕಾರು ಎಲ್ಲಿಂದ ನೋಡುತ್ತಿದೆಯೋ ಏನೋ! ದಾರಿ ಕಂಡುಹಿಡಿದವಳು ವರ್ನೆಲ್. ಸಾವಿನ ಮನೆಗೆ ಹೆಂಗಸರು ಅಡುಗೆ ಹೊತ್ತು ತರುವುದು ನಮ್ಮಲ್ಲಿ ಇದ್ದದ್ದೇ. ಆ ಪಾತ್ರೆಗಳ ಮುಚ್ಚಳ ತೆಗೆದು ನೋಡುವವರು ಯಾರೂ ಇಲ್ಲ.

ಮ್ಯಾಕರೋನಿ ತಂದ ವರ್ನೆಲ್ ಅದನ್ನು ಮೇಜಿನ ಮೇಲಿನ ಪರಾತಕ್ಕೆ ಸುರಿದು, ಅದೇ ಪಾತ್ರೆಗೆ ಅಜ್ಜನ ಭಾಷಣಗಳನ್ನು ತುಂಬಿ ಬಟ್ಟೆ ಮುಚ್ಚಿಕೊಂಡು ಹೋದಳು. ಹಳೆಯ ಪತ್ರಿಕೆಗಳು ಡೀಕನ್ನನ ಕೇಕಿನ ಡಬ್ಬಿ ಸೇರಿದವು. ಪಾತ್ರೆಗಳ ಓಡಾಟ ಕಂಡ ಪಾದ್ರಿ ಕರಿ ಕೋಟು ತೊಟ್ಟು ಓಡಿಬಂದು, ಲೆವಾನನ ಕೈ ಹಿಡಿದು ಪ್ರಾರ್ಥನೆ ಶುರುಮಾಡಿಯೇ ಬಿಟ್ಟರು. ಆಮೆನ್ ಆದಮೇಲೆ ವಿಷಯ ತಿಳಿದು, ಉಳಿದ ಪತ್ರಗಳನ್ನು ಟೋಪಿಯೊಳಗೆ ಇಳಿಸಿಕೊಂಡರು.

ಮಧ್ಯಾಹ್ನ ಕಾಲೇಜಿನ ಮಿಸ್ ಆರ್ಡೆಲಾ ಕ್ವಾರ್ಲ್ಸ್ ಬಂದವಳೇ ಮೇಜಿನ ಮೇಲಿನ ಅಡುಗೆ ನೋಡಿ ದನಿ ಇಳಿಸಿ, “ಯಾರು ಹೋಗಿದ್ದು?” ಎಂದು ಕೇಳಿದಳು.

“ಅಜ್ಜ,” ಎಂದ ಲೆವಾನ್.

“ಅವರು ತೀರ್ಕೊಂಡು ನಲವತ್ತು ವರ್ಷ ಆಯ್ತಲ್ಲ?”

“ನಮಗಿನ್ನೂ ದುಃಖ ಕಮ್ಮಿಯಾಗಿಲ್ಲ.”

ಪೆಟ್ಟಿಗೆ ತೆರೆದರೆ ಒಳಗೆ ಸತ್ತ ಜಿರಳೆ ಒಂದೇ. ಅವಳು ಅವನನ್ನೇ ದಿಟ್ಟಿಸಿದಳು. ಬೈಯಲಿಲ್ಲ. ಕಾಗದಗಳನ್ನು ಗೆದ್ದಲು ಮುಟ್ಟದಂತೆ ಇಡುತ್ತೇವೆ, ನಮ್ಮ ಮಕ್ಕಳು ಓದುತ್ತಾರೆ ಎಂದಳು. ಅಜ್ಜನ ಒಂದು ಭಾಷಣವನ್ನು ಬಾಯಿಪಾಠವೇ ಒಪ್ಪಿಸಿದಳು. ಲೆವಾನನಿಗೆ ನಾಚಿಕೆಯಾಯಿತು. ಈಗಲೇ ತಂದುಬಿಡುತ್ತೇನೆ ಎಂದು ಹಿತ್ತಲ ಬಾಗಿಲಿನಿಂದ ಓಡಿದ.

ವರ್ನೆಲ್ ಬಾಗಿಲು ಸಂದಿಯಷ್ಟೇ ತೆರೆದಳು. “ಬೆಳಿಗ್ಗೆ ಬುದ್ಧಿ ನೆಟ್ಟಗಿತ್ತಲ್ಲೋ. ಅವಳು ಏನು ಹೇಳಿ ಮರುಳು ಮಾಡಿದಳು?” ಡೀಕನ್ ಕದವನ್ನೇ ತೆಗೆಯಲಿಲ್ಲ. ಪಾದ್ರಿ, ದೇವರನ್ನು ಕೇಳಿ ಹೇಳುತ್ತೇನೆ ಎಂದರು. ಬೀದಿಯೆಲ್ಲ ಅಲೆದು ಬರಿಗೈಯಲ್ಲಿ ಮನೆಗೆ ಬಂದರೆ ಮಿಸ್ ಕ್ವಾರ್ಲ್ಸ್ ಹೊರಟುಹೋಗಿದ್ದಳು.

ಸಂಜೆ ವರ್ನೆಲ್ ಮುಖ ಅರಳಿಸಿಕೊಂಡು ಬಂದಳು. “ನಿನ್ನ ವಿಚಾರ ಕೇಳ್ಕೊಂಡು ನಮ್ಮನೆಗೂ ಬಂದಿದ್ಲು. ಒಳ್ಳೆ ಮನೆತನದ ಹುಡುಗಿ ಕಣೋ, ಎರಡು ಸಲ ಹಾಕಿಸ್ಕೊಂಡು ತಿಂದಳು. ಡೀಕನ್ನನ್ನೂ ಪಾದ್ರಿಗಳನ್ನೂ ಕರೆಸಿ ಎಲ್ಲಾ ಕಾಗದ ಕೊಟ್ಟುಬಿಟ್ವಿ. ಫಲಕದಲ್ಲಿ ನಮ್ಮ ಮೂವರ ಹೆಸರೂ ಬರತ್ತೆ.”

“ನನ್ನದು?” ಎಂದ ಲೆವಾನ್.

ವರ್ನೆಲ್ ಅವನ ಬೆನ್ನು ಸವರಿದಳು. “ಮೊಮ್ಮಗ ಎಲ್ಲಾ ಮಾರ್ಕೊಂಡಿರಬೇಕು ಅಂತ ಅವಳಿಗೆ ಅನುಮಾನ ಬಂದಿತ್ತು. ನಿನ್ನ ಮರ್ಯಾದೆ ಹೋಗೋಕೆ ಬಿಡ್ತೀನಾ ಮಗಾ? ಅವನು ಮಾರೋಕೆ ಮುಂಚೇನೇ ನಾವು ಎತ್ತಿಟ್ಟಿದ್ವಿ ಅಂತ ಹೇಳ್ದೆ.”